ಓಡ್ಲಿ ಅಂದ ಮಾತು

ಶ್ರೀನಿವಾಸಪುರದ ಆ ಬೀದಿಯಲ್ಲಿ ಯಾರೇ ಹಳೆಯ ಗಾಡಿ ಕೊಳ್ಳಲಿ, ಪೂಜೆಗೂ ಮೊದಲು ಅದನ್ನು ತಂದು ನಿಲ್ಲಿಸುತ್ತಿದ್ದದ್ದು ಶ್ರೀನಿವಾಸಪ್ಪನವರ ಮನೆಯ ಮುಂದೆ. ಸರ್ಕಾರಿ ಬಸ್ ಡಿಪೋದ ಟೈರ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು ಅವರು. ಗಾಡಿ ಬಂತೆಂದರೆ ಜಗಲಿಯಿಂದ ಇಳಿದು, ಪಂಚೆ ಮೇಲೆತ್ತಿ ಕಟ್ಟಿ, ಟೈರಿಗೆ ಅಂಗೈಯಿಂದ ಎರಡು ಸಲ ಬಡಿದು, ಬಟನ್‌ಗಳ ನಡುವೆ ಹೆಬ್ಬೆರಳಿನ ಉಗುರು ಇಳಿಸಿ ನೋಡುತ್ತಿದ್ದರು. ರಸ್ತೆ ಹಿಡಿಯಲೆಂದು ಟೈರಿನ ಮೇಲೆ ಎದ್ದಿರುವ ಉಬ್ಬುಗಳಿಗೆ ಡಿಪೋದವರು ಇಟ್ಟುಕೊಂಡ ಹೆಸರು ಬಟನ್. ಉಗುರು ಪೂರ್ತಿ ಮುಳುಗಿದರೆ 'ಓಡ್ಲಿ' ಎನ್ನುತ್ತಿದ್ದರು. ಅರ್ಧಕ್ಕೇ ನಿಂತರೆ 'ತೆಗೀ'. ಮೂರನೆಯ ಮಾತು ಅವರ ಬಾಯಿಂದ ಬಂದದ್ದೇ ಇಲ್ಲ, ಕೇಳಿದವರೂ ಮರುಮಾತಾಡಿದ್ದಿಲ್ಲ. ಹೋಗುವಾಗ ಯಾರಾದರೂ ನಾಲ್ಕು ಮಾವಿನಹಣ್ಣು ಇಟ್ಟುಹೋದರೆ, "ನಿಮ್ ಉಗುರಿಗೆ ಸಂಬಳ ಬಂತು" ಎಂದು ಹೆಂಡತಿ ಚಿಕ್ಕಗಂಗಮ್ಮ ಛೇಡಿಸುತ್ತಿದ್ದರು.

ಅವರದೂ ಒಂದು ಕಾರಿತ್ತು. ನಿವೃತ್ತರಾದ ವರ್ಷ, ಎರಡು ಸಾವಿರದ ಹದಿನಾರರಲ್ಲಿ ಕೊಂಡ ಬಿಳಿಯ ಸಣ್ಣ ಕಾರು. ಒಂಬತ್ತು ವರ್ಷದಲ್ಲಿ ಅದು ಓಡಿದ್ದು ಹತ್ತೊಂಬತ್ತು ಸಾವಿರ ಕಿಲೋಮೀಟರು. ನೆಂಟರ ಮದುವೆಗೆ, ಚಿಕ್ಕಗಂಗಮ್ಮನ ತವರು ಹೋಳೂರಿಗೆ, ಕಣ್ಣು ತೋರಿಸಲು ಕೋಲಾರಕ್ಕೆ, ಅಷ್ಟೇ. ಉಳಿದ ದಿನವೆಲ್ಲ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಂತಿರುತ್ತಿತ್ತು. ಪ್ರತಿ ಶುಕ್ರವಾರ ಶ್ರೀನಿವಾಸಪ್ಪನವರು ಹರಳೆಣ್ಣೆ ಅದ್ದಿದ ಬಟ್ಟೆಯಿಂದ ನಾಲ್ಕೂ ಟೈರು ಉಜ್ಜಿ ಮಿರಮಿರ ಮಿನುಗಿಸುತ್ತಿದ್ದರು. ತಲೆಗೆ ಹಚ್ಚಲು ಇಟ್ಟ ಎಣ್ಣೆಯೆಲ್ಲ ಕಾರಿನ ಕಾಲಿಗೆ ಹೋಗುತ್ತದೆಂದು ಮನೆಯಲ್ಲಿ ವಾರಕ್ಕೊಂದು ಸಣ್ಣ ಜಗಳ ಆಗುತ್ತಿತ್ತು.

ದೊಡ್ಡ ಜಗಳ ಶುರುವಾದದ್ದು ಈ ವರ್ಷದ ಮೇ ತಿಂಗಳಲ್ಲಿ. ಸೊಸೆ ಶೋಭಾರಾಣಿಗೆ ಕೋಲಾರದ ಒಂದು ಖಾಸಗಿ ಶಾಲೆಯಲ್ಲಿ ಲೆಕ್ಕದ ಟೀಚರ್ ಕೆಲಸ ಸಿಕ್ಕಿತು. ಮಗಳು ಮೇಘನಳನ್ನೂ ಮೂರನೇ ಕ್ಲಾಸಿಗೆ ಅಲ್ಲಿಗೇ ಸೇರಿಸಿದರು. ಶೋಭಾರಾಣಿ ಊರಿನ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದಳು. ಅವಳ ಗಂಡ ಮುನೇಶ್ ಮಾಲೂರಿನ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಕೆಲಸದವನು, ಅಲ್ಲೇ ರೂಮು ಮಾಡಿಕೊಂಡು ಶನಿವಾರ ಸಂಜೆ ಮನೆಗೆ ಬರುವವನು. ಹಾಗೆ ಬಂದ ಒಂದು ಭಾನುವಾರ ಅವನೇ ಮಾತು ತೆಗೆದ.

"ಅಪ್ಪ, ಕಾರು ಸುಮ್ನೆ ನಿಂತೈತಲ್ಲ. ಜೂನ್‌ನಿಂದ ಶೋಭಾ ತಗೊಂಡು ಹೋಗ್ಲಾ?"

"ಅದನ್ನ ಕೇಳ್ಬೇಕೇನ್ಲಾ? ನನ್ ಮೊಮ್ಮಗಳು ಕಾರಲ್ಲಿ ಸ್ಕೂಲಿಗೆ ಹೋಗ್ತಾಳೆ ಅಂದ್ರೆ ನಂಗೇ ಹೆಮ್ಮೆ. ಓಡ್ಲಿ."

ಶಾಲೆ ತೆರೆಯಲು ಮೂರು ವಾರ ಇದ್ದಾಗ ಶೋಭಾರಾಣಿ ಕಾರು ತೊಳೆಯಲು ಕೂತಳು. ಎಣ್ಣೆಯ ಜಿಡ್ಡಿಗೆ ಧೂಳು ಮೆತ್ತಿಕೊಂಡು ಟೈರಿನ ಮೇಲೆ ಕೆಸರಿನ ಹಾಗೆ ಕೂತಿತ್ತು. ಅವಳು ಬಿಸಿನೀರಿಗೆ ಸೋಪಿನ ಪುಡಿ ಹಾಕಿ, ಬಟ್ಟೆಯ ಬ್ರಷ್ಷಿನಿಂದ ಗಸಗಸ ತಿಕ್ಕಿದಳು. ಜಿಡ್ಡು ಹೋದ ಮೇಲೆ ಟೈರಿನ ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡವು. ಒಂದೆರಡಲ್ಲ, ಸುತ್ತಲೂ. ಬಟನ್‌ಗಳ ಸಂದಿಯ ತಳದಲ್ಲೂ ಇದ್ದವು.

"ಅಮ್ಮ, ಇಲ್ಲೊಂದು ನಂಬರ್ ಇದೆ. ಒಂದು ನಾಕು ಒಂದು ಆರು" ಎಂದು ಮೇಘನ ಬೆರಳಿಟ್ಟು ತೋರಿಸಿದಳು.

ಅದನ್ನು ಓದುವುದನ್ನು ಡ್ರೈವಿಂಗ್ ಸ್ಕೂಲಿನ ಚಂದ್ರಮೋಹನ್ ಹೇಳಿಕೊಟ್ಟಿದ್ದರು. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ಹದಿನಾರನೇ ಇಸವಿಯ ಹದಿನಾಲ್ಕನೇ ವಾರ ತಯಾರಾದ ಟೈರು. ನಾಲ್ಕಕ್ಕೂ ಅದೇ ನಂಬರು.

ಮಧ್ಯಾಹ್ನ ಊಟಕ್ಕೆ ಮುದ್ದೆ, ಹುರುಳಿಕಾಳಿನ ಸಾರು. ಮಾವನ ತಟ್ಟೆಗೆ ಎರಡನೇ ಮುದ್ದೆ ಹಾಕುತ್ತಾ ಶೋಭಾರಾಣಿ ಹೇಳಿದಳು.

"ಮಾವ, ಕಾರಿನ ಟೈರು ಬದಲಾಯಿಸ್ಬೇಕು ಅನ್ಸುತ್ತೆ."

ಶ್ರೀನಿವಾಸಪ್ಪನವರು ಮುದ್ದೆ ಮುರಿಯುವುದನ್ನು ನಿಲ್ಲಿಸಲಿಲ್ಲ. "ಯಾಕೆ? ಪಂಚರ್ ಆಗೈತಾ?"

"ಪಂಚರ್ ಅಲ್ಲ. ಒಂಬತ್ತು ವರ್ಷ ಆಗಿದೆ. ಪಕ್ಕದಲ್ಲೆಲ್ಲ ಬಿರುಕು ಬಿಟ್ಟಿದೆ."

"ಬಟನ್ ನೋಡ್ದೇನಮ್ಮ ನೀನು?"

"ನೋಡ್ದೆ. ಬಟನ್ ಇದೆ."

"ಎಷ್ಟಿದೆ? ನನ್ ಉಗುರು ಮುಳುಗ್ತದೆ. ಹೊಸಾ ಟೈರಿಗೂ ಇದಕ್ಕೂ ಏನೂ ಯತ್ಯಾಸ ಇಲ್ಲ. ಸ್ಟೆಪ್ನಿ ನೋಡು ಬೇಕಾದ್ರೆ, ಅದು ನೆಲಾನೇ ಮುಟ್ಟಿಲ್ಲ, ಮೈಮೇಲಿನ ರಬ್ಬರ್ ಕೂದ್ಲು ಕೂಡ ಹಂಗೇ ಐತೆ."

"ಓಡದಿದ್ರೂ ರಬ್ಬರಿಗೆ ವಯಸ್ಸಾಗುತ್ತಂತೆ ಮಾವ. ಐದು ವರ್ಷ ಆದ್ಮೇಲೆ ವರ್ಷಾ ವರ್ಷಾ ತೋರಿಸ್ಬೇಕಂತೆ. ಹತ್ತು ಆದ್ಮೇಲಂತೂ ಇಟ್ಕೊಳ್ಳಲೇಬಾರ್ದಂತೆ."

"ಯಾರು ಹೇಳಿದ್ದು?"

"ಚಂದ್ರಮೋಹನ್ ಸಾರ್. ಡ್ರೈವಿಂಗ್ ಸ್ಕೂಲಲ್ಲಿ."

ಶ್ರೀನಿವಾಸಪ್ಪನವರಿಗೆ ಸಿಟ್ಟು ಬಂದರೆ ಮಾತು ತೆಲುಗಿಗೆ ಜಾರುತ್ತದೆ. "ವಾಡಿಕೇಂ ತೆಲುಸು?" ಎಂದರು, ಅವನಿಗೇನು ಗೊತ್ತು ಎಂದು. ಮತ್ತೆ ಕನ್ನಡಕ್ಕೆ ಬಂದು, "ನಾಲ್ಕು ಜನಕ್ಕೆ ಗೇರ್ ಹಾಕೋದು ಕಲಿಸಿದವ್ನು ಟೈರ್ ಬಗ್ಗೆ ಹೇಳ್ತಾನಾ? ನನ್ ಕೈಲಿ ಎಷ್ಟು ಸಾವಿರ ಟೈರ್ ಹೋಗಿದಾವೆ ಗೊತ್ತೇನಮ್ಮ? ಒಂದು ಬಸ್ಸಲ್ಲಿ ಐವತ್ತು ಜನ. ನಾನು ಓಡ್ಲಿ ಅಂದ್ಮೇಲೇ ಅದು ಡಿಪೋ ಗೇಟು ದಾಟ್ತಿದ್ದಿದ್ದು" ಎಂದರು.

"ನಾನು ನಿಮ್ ಬಗ್ಗೆ ಹೇಳ್ತಿಲ್ಲ ಮಾವ. ಟೈರ್ ಬಗ್ಗೆ ಹೇಳ್ತಿದೀನಿ."

"ನಂಗೆ ಎರಡೂ ಒಂದೇ."

ಅರ್ಧ ಮುದ್ದೆ ತಟ್ಟೆಯಲ್ಲೇ ಉಳಿಯಿತು. ಅವರು ಕೈ ತೊಳೆದು ಜಗಲಿಗೆ ಹೋದರು. ಚಿಕ್ಕಗಂಗಮ್ಮ ತಟ್ಟೆ ನೋಡಿ, ಸೊಸೆಯ ಮುಖ ನೋಡಿದರು. "ಊಟ ಆದ್ಮೇಲೆ ಹೇಳಬಾರದಿತ್ತೇನೇ? ಮುದ್ದೆ ದಂಡ ಆಯ್ತು" ಎಂದರು.

ಮುಂದಿನ ಭಾನುವಾರ ಮನೆಯಲ್ಲಿ ಉಪ್ಪಿನಕಾಯಿಯ ಕೆಲಸ. ನಡುಮನೆಯ ತುಂಬ ಮಾವಿನಕಾಯಿ. ಮುನೇಶ್ ಈಳಿಗೆಮಣೆಯ ಮೇಲೆ ಕೂತು ಹೋಳು ಮಾಡುತ್ತಿದ್ದ. ಶೋಭಾರಾಣಿ ಹೋಳು ಒರೆಸಿ ಹರಡುತ್ತಿದ್ದಳು. ಚಿಕ್ಕಗಂಗಮ್ಮ ಅಡುಗೆಮನೆಯಲ್ಲಿ ಸಾಸಿವೆ ಹುರಿಯುತ್ತಿದ್ದರು.

"ಅಪ್ಪ ಹಂಗೆ ಸುಮ್ನೆ ಹೇಳೋರಲ್ಲ ಕಣೇ. ಟೈರ್ ವಿಷ್ಯದಲ್ಲಿ ಅವರ ಮಾತಿಗೆ ಎದುರಾಡಿದ್ರೆ ಏನು ಚೆನ್ನಾಗಿರುತ್ತೆ?" ಎಂದು ಮುನೇಶ್ ಮೆಲ್ಲಗೆ ಹೇಳಿದ.

"ನೀವು ಟೈರ್ ನೋಡಿದ್ರಾ?"

"ನೋಡ್ದೆ."

"ಏನ್ ಕಾಣ್ತು?"

ಮುನೇಶ್ ಕಾಯಿ ಹೆಚ್ಚುವುದರಲ್ಲಿ ಮುಳುಗಿದ. "ಗೆರೆ ಗೆರೆ ಇದೆ. ಹಳೇ ಟೈರಿಗೆಲ್ಲ ಇರುತ್ತೆ."

"ಅದನ್ನೇ ನಾನೂ ಹೇಳ್ತಿರೋದು. ಹಳೇದು ಅಂತ. ದಿನಾ ಐವತ್ತು ಕಿಲೋಮೀಟರು ಓಡಿಸೋಳು ನಾನು. ಪಕ್ಕದಲ್ಲಿ ಕೂರೋಳು ನಿಮ್ ಮಗಳು."

"ಒಂದ್ ಆರ್ ತಿಂಗಳು ಹೋಗ್ಲಿ. ಆಮೇಲೆ ನಾನೇ ನಿಧಾನಕ್ಕೆ ಹೇಳಿ ಹಾಕಿಸ್ತೀನಿ."

"ಟೈರು ಆರು ತಿಂಗಳು ಕಾಯುತ್ತೆ ಅಂತ ನಿಮಗೆ ಬರ್ಕೊಟ್ಟಿದ್ಯಾ?"

ಒಳಗಿನಿಂದ ಚಿಕ್ಕಗಂಗಮ್ಮ ಕೂಗಿದರು. "ಲೇ, ಕೈ ಕುಯ್ಕೋತೀಯ, ಮಾತು ಕಮ್ಮಿ ಮಾಡೋ. ಶೋಭಾ, ಕಾಯಿಗೆ ನೀರು ತಾಗಿದ್ರೆ ಬೂಷ್ಟು ಬರ್ತದೆ, ಸರಿಯಾಗಿ ಒರೆಸು." ಆಮೇಲೆ ಗಂಡನಿಗೆ ಕೇಳಲೆಂದೇ ಸ್ವಲ್ಪ ಜೋರಾಗಿ, "ಅಷ್ಟು ಅನುಮಾನ ಇದ್ರೆ ಇನ್ನೊಬ್ಬರ ಹತ್ರ ತೋರಿಸಿದ್ರಾಯ್ತಪ್ಪ. ಡಾಕ್ಟ್ರು ಹೇಳಿದ್ರೂನೇ ಇನ್ನೊಬ್ಬ ಡಾಕ್ಟ್ರನ್ನ ಕೇಳ್ತೀವಿ" ಎಂದರು.

ಜಗಲಿಯಿಂದ ಉತ್ತರ ಬಂತು. "ನಡೀರಿ. ಗೋಪಿ ಹತ್ರಾನೇ ತೋರಿಸೋಣ."

ಗೋಪಿ ಕೋಲಾರದ ಬಸ್ ನಿಲ್ದಾಣದ ಹತ್ತಿರ ಟೈರ್ ಅಂಗಡಿ ಇಟ್ಟವನು. ಇಪ್ಪತ್ತು ವರ್ಷದ ಹಿಂದೆ ಡಿಪೋದಲ್ಲಿ ಶ್ರೀನಿವಾಸಪ್ಪನವರ ಕೈಕೆಳಗೆ ಕೆಲಸ ಕಲಿತಿದ್ದ. ಈಗ ತಲೆ ನರೆತಿದೆ, ಅಂಗಡಿಯಲ್ಲಿ ಮೂರು ಜನ ಕೆಲಸಕ್ಕಿದ್ದಾರೆ. ಆದರೂ ಗುರುವನ್ನು ಕಂಡರೆ ಕಾಲು ಮುಟ್ಟಿ ನಮಸ್ಕಾರ ಮಾಡದೆ ಮಾತಾಡಿಸುವವನಲ್ಲ. ಸೋಮವಾರ ಬೆಳಿಗ್ಗೆ ಮಾವ ಕಾರು ಓಡಿಸಿದರು, ಸೊಸೆ ಪಕ್ಕದಲ್ಲಿ ಕೂತಳು.

ಗೋಪಿ ಓಡಿಬಂದು ಕಾಲು ಮುಟ್ಟಿದ. ಕುರ್ಚಿ ಹಾಕಿಸಿದ, ಎಳನೀರು ತರಿಸಿದ.

"ಗೋಪಿ, ನನ್ ಸೊಸೆಗೆ ಒಂದು ಅನುಮಾನ ಬಂದೈತೆ. ಈ ಟೈರು ಓಡಬೋದೋ ಇಲ್ವೋ, ನೀನೇ ಹೇಳ್ಬಿಡು. ನಾನು ಹೇಳಿದ್ರೆ ಹಳೇ ಕಾಲದ ಮಾತಾಗ್ತದೆ" ಎಂದು ಶ್ರೀನಿವಾಸಪ್ಪನವರು ನಗುತ್ತಾ ಹೇಳಿದರು.

ಗೋಪಿ ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತ. ಪಕ್ಕದ ಗೋಡೆಯ ಮೇಲೆ ಬೆರಳಾಡಿಸಿದ. ಬೆರಳು ಒಂದು ಕಡೆ ನಿಂತಿತು. ಆ ನಾಲ್ಕು ಅಂಕಿಯನ್ನು ಅವನು ಓದಿದ್ದನ್ನು ಶೋಭಾರಾಣಿ ಕಂಡಳು. ಆಮೇಲೆ ಅವನು ತಲೆಯೆತ್ತಿ ಟೈರನ್ನಲ್ಲ, ಕುರ್ಚಿಯಲ್ಲಿ ಕೂತ ಗುರುವಿನ ಮುಖವನ್ನು ನೋಡಿದ.

"ಬಟನ್ ಫುಲ್ ಐತಲ್ಲ ಗುರುಗಳೇ. ನೀವು ನೋಡಿದ್ ಮೇಲೆ ನಾನೇನು ನೋಡೋದು? ಓಡ್ಲಿ."

"ಕೇಳಿಸ್ತೇನಮ್ಮ?" ಎಂದರು ಶ್ರೀನಿವಾಸಪ್ಪನವರು.

ಶೋಭಾರಾಣಿ, "ಬಿರುಕು ಇದೆಯಲ್ಲ ಅಣ್ಣ?" ಎಂದು ಕೇಳಿದಳು. ಗೋಪಿ ಕೈ ಒರೆಸಿಕೊಳ್ಳುತ್ತಾ, "ಅದು ಸ್ವಲ್ಪ ಇರ್ತದಮ್ಮ. ಜಾಸ್ತಿ ಸ್ಪೀಡ್ ಹೋಗ್ಬೇಡಿ" ಎಂದು ಅಂಗಡಿಯೊಳಗೆ ಹೋದ. ಅವಳ ಕಡೆ ನೋಡಲಿಲ್ಲ.

ವಾಪಸ್ಸು ಬರುವಾಗ ಶ್ರೀನಿವಾಸಪ್ಪನವರು ಬಹಳ ಖುಷಿಯಲ್ಲಿದ್ದರು. ದಾರಿಯಲ್ಲಿ ನಿಲ್ಲಿಸಿ ಮೊಮ್ಮಗಳಿಗೆ ಮೈಸೂರುಪಾಕು ಕೊಂಡರು. ಡಿಪೋದ ಹಳೆಯ ಕತೆ ಎರಡು ಹೇಳಿದರು. ಸೊಸೆ ಹೂಂ ಎನ್ನುತ್ತಿದ್ದಳು. ಮನೆ ಮುಟ್ಟಿದ ಮೇಲೆ ಕೀಲಿಯನ್ನು ಅವಳ ಕೈಗೇ ಕೊಟ್ಟರು. "ಇನ್ನ ನಿಂದೇ" ಎಂದರು.

ಶೋಭಾರಾಣಿ ಕೀಲಿಯನ್ನು ಫ್ರಿಜ್ಜಿನ ಮೇಲಿಟ್ಟಳು.

ಜೂನ್ ಬಂತು. ಶಾಲೆ ತೆರೆದ ಮೊದಲ ದಿನ ಅವಳು ಐದಕ್ಕೆ ಎದ್ದು, ಡಬ್ಬಿಗೆ ಮಾವಿನಕಾಯಿ ಚಿತ್ರಾನ್ನ ಕಟ್ಟಿ, ಮಗಳಿಗೆ ಎರಡು ಜಡೆ ಹಾಕಿ, ಏಳು ಗಂಟೆಗೆ ಹೊಸಲು ದಾಟಿದಳು. ಮನೆಯ ಮುಂದೆ ಕಾರು ತೊಳೆದು ನಿಲ್ಲಿಸಿತ್ತು. ಟೈರಿಗೆ ಹೊಸದಾಗಿ ಎಣ್ಣೆ ಹಚ್ಚಿತ್ತು. ಅವಳು ಅದರ ಪಕ್ಕದಲ್ಲಿ ಹಾದು ಬಸ್ ನಿಲ್ದಾಣದ ಕಡೆ ನಡೆದಳು. ಜಗಲಿಯ ಮೇಲೆ ಕೂತಿದ್ದ ಶ್ರೀನಿವಾಸಪ್ಪನವರು ಪೇಪರ್ ಎತ್ತಿ ಮುಖಕ್ಕೆ ಹಿಡಿದರು.

ಹೀಗೆ ಎರಡು ವಾರ ನಡೆಯಿತು. ಪ್ರತಿ ಬೆಳಿಗ್ಗೆ ಕಾರು ಬಾಗಿಲಿಗೆ ಬರುತ್ತಿತ್ತು, ಪ್ರತಿ ಬೆಳಿಗ್ಗೆ ತಾಯಿ ಮಗಳು ಬಸ್ಸಿಗೆ ಹೋಗುತ್ತಿದ್ದರು. ಬಸ್ಸಿನಲ್ಲಿ ಸೀಟು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಮೇಘನ ಯಾರದಾದರೂ ತೊಡೆಯ ಮೇಲೆ. ಸಂಜೆ ಆರಕ್ಕೆ ಮನೆ ಸೇರಿ ಶೋಭಾರಾಣಿ ಪಾತ್ರೆ ತೊಳೆಯುತ್ತಿದ್ದಳು, ಚಿಕ್ಕಗಂಗಮ್ಮ ಮುದ್ದೆ ತಿರುವುತ್ತಿದ್ದರು. ಮಾವ ಸೊಸೆ ಮೊಮ್ಮಗಳ ಮೂಲಕ ಮಾತಾಡುವುದನ್ನು ಕಲಿತರು. 'ಮೇಘನ, ನಿಮ್ಮಮ್ಮನಿಗೆ ಸಾರು ಕೇಳು.' 'ಮೇಘನ, ತಾತನಿಗೆ ಉಪ್ಪು ಕೊಡು.' ಮಗುವಿಗೆ ಮೊದಲು ತಮಾಷೆಯಾಗಿತ್ತು, ಆಮೇಲೆ ಬೇಜಾರಾಯಿತು.

ಬೀದಿಯವರೂ ಸುಮ್ಮನಿರಲಿಲ್ಲ. ಮೂರನೇ ಮನೆಯ ಮುನಿಕೃಷ್ಣ ಹಾಲು ತರುವಾಗ ನಿಂತು ಕೇಳಿದ. "ಏನಣ್ಣ, ಬಾಗಿಲಲ್ಲಿ ಕಾರು ಇಟ್ಕೊಂಡು ಸೊಸೇನ ಬಸ್ಸಿಗೆ ಕಳಿಸ್ತೀರಿ?"

ಶ್ರೀನಿವಾಸಪ್ಪನವರಿಗೆ ಆ ಮಾತು ಚುಚ್ಚಿತು. ಸೊಸೆಯ ಮೇಲಿನ ಸಿಟ್ಟಿಗಿಂತ ನಾಚಿಕೆ ಹೆಚ್ಚಾಯಿತು. ಶನಿವಾರ ಮಗ ಬಂದು ಚಪ್ಪಲಿ ಬಿಡುವುದರೊಳಗೆ ತೀರ್ಮಾನ ಹೇಳಿದರು. "ಸೋಮವಾರದಿಂದ ಮೇಘನಾನ ನಾನೇ ಕಾರಲ್ಲಿ ಬಿಟ್ಟು ಬರ್ತೀನಿ. ನಿನ್ ಹೆಂಡ್ತಿ ಬೇಕಾದ್ರೆ ಬಸ್ಸಲ್ಲೇ ಹೋಗ್ಲಿ."

"ಮೇಘನ ಆ ಕಾರಲ್ಲಿ ಬರಲ್ಲ" ಎಂದಳು ಶೋಭಾರಾಣಿ, ಅಡುಗೆಮನೆಯ ಬಾಗಿಲಲ್ಲಿ ನಿಂತು. ಎರಡು ವಾರದಲ್ಲಿ ಮಾವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ನನ್ ಮೊಮ್ಮಗಳು ಕಣಮ್ಮ ಅವಳು. ಅವಳಿಗೆ ಏನಾದ್ರೂ ಆಗ್ಲಿ ಅಂತ ಕರ್ಕೊಂಡು ಹೋಗ್ತೀನಾ ನಾನು?"

"ನಿಮಗೆ ಅವಳ ಮೇಲೆ ಪ್ರೀತಿ ಇಲ್ಲ ಅಂತ ನಾನು ಹೇಳಿಲ್ಲ ಮಾವ. ಟೈರಿಗೆ ಅದೆಲ್ಲ ಗೊತ್ತಾಗಲ್ಲ."

"ಮುನೇಶ, ನೀನು ಹೇಳೋ!"

ಮುನೇಶ್ ತಂದೆಯನ್ನು ನೋಡಿದ, ಹೆಂಡತಿಯನ್ನು ನೋಡಿದ. "ಒಂದ್ ದಿನ ಹೋಗಿ ಬರ್ಲಿ ಬಿಡೇ" ಎಂದ. ಶೋಭಾರಾಣಿಗೆ ಅಷ್ಟು ಹೊತ್ತು ತಡೆದಿದ್ದ ಅಳು ಬಂದುಬಿಟ್ಟಿತು. ಅಳುತ್ತಲೇ ಒಳಗೆ ಹೋಗಿ ಒಲೆ ಆರಿಸಿದಳು. ಆ ಮನೆಯಲ್ಲಿ ಅಂದು ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮರುದಿನ, ಭಾನುವಾರ, ಹನ್ನೊಂದು ಗಂಟೆಯ ಹೊತ್ತಿಗೆ ಗೋಪಿ ಬಂದ. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಕಾಲು ಮುಟ್ಟಿ ನಮಸ್ಕಾರ ಮಾಡಿದವನು ಕುರ್ಚಿಯಲ್ಲಿ ಕೂರದೆ ನಿಂತೇ ಇದ್ದ.

"ಕೂತ್ಕೊಳೋ. ಊಟ ಮಾಡ್ಕೊಂಡು ಹೋಗು" ಎಂದರು ಶ್ರೀನಿವಾಸಪ್ಪನವರು.

"ಊಟ ಆಮೇಲೆ ಗುರುಗಳೇ. ಮೊದಲು ಒಂದು ಮಾತು ಹೇಳ್ಬೇಕು. ನಿಮ್ ಸೊಸೇನೂ ಮಗೂನೂ ದಿನಾ ಬಸ್ ಇಳಿದು ನಮ್ ಅಂಗಡಿ ಮುಂದೇನೇ ಹೋಗ್ತಾರೆ. ಮೊನ್ನೆ ನಾನೇ ಕೇಳ್ದೆ, ಕಾರು ಯಾಕೆ ತರಲ್ಲಮ್ಮ ಅಂತ. ಆಯಮ್ಮ ಜಗಳ ಏನೂ ಆಡ್ಲಿಲ್ಲ. ಆ ಕಾರಲ್ಲಿ ನಿಮ್ ಮಕ್ಕಳನ್ನ ಕೂರಿಸ್ತೀರಾ ಅಣ್ಣ, ಅಂತ ಒಂದೇ ಮಾತು ಕೇಳಿ ಹೋದ್ರು."

"ಅದಕ್ಕೆ?"

"ನಾನು ಕೂರಿಸಲ್ಲ ಗುರುಗಳೇ."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಚಿಕ್ಕಗಂಗಮ್ಮ ಹೊರಗೆ ಬಂದರು. ಹಿಂದೆಯೇ ಶೋಭಾರಾಣಿ ಬಂದಳು.

"ಮತ್ತೆ ಅವತ್ತು ಓಡ್ಲಿ ಅಂದೆ?"

"ನಿಮ್ ಎದುರಿಗೆ ಬೇರೆ ಮಾತು ಬರ್ಲಿಲ್ಲ. ಬೇರೆ ಯಾರಾದ್ರೂ ಆ ಟೈರು ತಂದಿದ್ರೆ ಅಂಗಡಿಯಿಂದ ಗಾಡಿ ಆಚೆ ಬಿಡ್ತಿರ್ಲಿಲ್ಲ. ನನ್ನ ಕ್ಷಮಿಸಿ."

ಶ್ರೀನಿವಾಸಪ್ಪನವರ ಮುಖ ಕೆಂಪಾಯಿತು. "ನಾಲ್ಕು ಟೈರು ಹೋಗ್ಲಪ್ಪ, ಬಿಸಿಲು ಮಳೇಲಿ ಓಡಿದ್ವು ಅಂತ ಇಟ್ಕೋ. ಸ್ಟೆಪ್ನಿ? ಅದು ಡಿಕ್ಕಿ ಬಿಟ್ಟು ಆಚೆ ಬಂದಿಲ್ಲ. ಹೊಚ್ಚ ಹೊಸದು. ಅದಕ್ಕೇನು ಹೇಳ್ತೀಯ?"

ಗೋಪಿ ಡಿಕ್ಕಿ ತೆಗೆದು ಸ್ಟೆಪ್ನಿ ಎತ್ತಿ ಅಂಗಳಕ್ಕೆ ತಂದ. ಗಾಳಿ ಬಿಟ್ಟು, ತನ್ನ ಗಾಡಿಯಿಂದ ಕಬ್ಬಿಣದ ಪಟ್ಟಿ ತಂದು ರಿಮ್ಮಿನಿಂದ ಬಿಡಿಸಿದ. ಕಪ್ಪಗೆ, ಮೈತುಂಬ ಸಣ್ಣ ಸಣ್ಣ ರಬ್ಬರ್ ಕೂದಲಿನ ಸಮೇತ, ಅಂಗಡಿಯಿಂದ ಈಗ ತಾನೆ ತಂದ ಹಾಗಿತ್ತು. ಅದನ್ನು ಗುರುವಿನ ಮುಂದೆ ಇಟ್ಟು ಹಿಂದೆ ಸರಿದ.

"ನೀವೇ ಬಗ್ಗಿಸಿ ನೋಡಿ."

ಶ್ರೀನಿವಾಸಪ್ಪನವರು ಅಂಗಳದ ಮಣ್ಣಿನಲ್ಲೇ ಕೂತು, ಟೈರಿನ ಅಂಚನ್ನು ಮಂಡಿಗೆ ಒತ್ತಿ, ಎರಡೂ ಕೈಯಿಂದ ಹೊರಕ್ಕೆ ಬಗ್ಗಿಸಿದರು. ನೂರಾರು ಸಲ ಮಾಡಿದ ಕೆಲಸ, ಕೈಗೆ ಮರೆತಿರಲಿಲ್ಲ. ಬಗ್ಗಿದ ಕಡೆ ರಬ್ಬರು ಎರಡು ದಿನದ ಮುದ್ದೆಯ ಹಾಗೆ ಬಾಯಿಬಿಟ್ಟಿತು. ಒಂದು ಬಿರುಕಿನ ಆಳದಲ್ಲಿ ಒಳಗಿನ ದಾರ ಕಂಡಿತು. ಅವರು ಅದಕ್ಕೆ ಉಗುರು ಇಳಿಸಿದರು. ಉಗುರು ಪೂರ್ತಿ ಮುಳುಗಿತು, ತೆಗೆದಾಗ ಅದರ ಜೊತೆಗೆ ಕಪ್ಪು ಪುಡಿ ಬಂತು.

ಅವರು ಆ ಪುಡಿಯನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದರು.

"ಗೋಪಿ," ಎಂದರು, "ಡಿಪೋದಲ್ಲಿ ನಾವು ಇಂಥದ್ದನ್ನ ನೋಡ್ಲೇ ಇಲ್ವಲ್ಲೋ."

"ಎಲ್ಲಿ ನೋಡೋದು ಗುರುಗಳೇ? ಬಸ್ಸು ದಿನಕ್ಕೆ ನಾನೂರು ಕಿಲೋಮೀಟರು ಓಡ್ತಿತ್ತು. ವರ್ಷ ತುಂಬೋದ್ರೊಳಗೆ ಬಟನ್ ಹೋಗ್ತಿತ್ತು, ಮೇಲೆ ಹೊಸ ರಬ್ಬರ್ ಹಾಕಿಸ್ತಿದ್ವಿ, ಮೂರು ನಾಲ್ಕು ವರ್ಷಕ್ಕೆ ಗುಜರಿಗೆ. ಅಲ್ಲಿ ಟೈರು ಸವೀತಿತ್ತು, ಮುದಿಯಾಗ್ತಿರ್ಲಿಲ್ಲ. ಮುದಿ ಟೈರು ಏನೂಂತ ನಾನೂ ನೋಡಿದ್ದು ಈ ಅಂಗಡಿ ಇಟ್ಟ ಮೇಲೇನೇ. ಮನೆಮುಂದೆ ನಿಲ್ಲೋ ಕಾರುಗಳದ್ದು."

ಶ್ರೀನಿವಾಸಪ್ಪನವರು ಸೊಸೆಯ ಕಡೆ ತಿರುಗಿದರು. ಮಧ್ಯೆ ಮೇಘನಳನ್ನು ಕರೆಯಲಿಲ್ಲ.

"ನೀನು ಬಿರುಕು ಐತೆ ಅಂದಾಗ ನಾನು ಎದ್ದು ಹೋಗಿ ನೋಡ್ಲೂ ಇಲ್ಲ ಕಣಮ್ಮ. ಊಟ ಬಿಟ್ಟೆ, ಟೈರ್ ನೋಡ್ಲಿಲ್ಲ. ನಾಳೆ ಇದ್ರಲ್ಲೇ ಮಗೂನ ಕೂರಿಸ್ಕೊಂಡು ಹೋಗ್ತಿದ್ದೆ" ಎಂದರು. "ತಪ್ಪು ನಂದು."

ಶೋಭಾರಾಣಿಗೆ ಗೆದ್ದ ಖುಷಿ ಆಗಲಿಲ್ಲ. ಅವಳು ಮಣ್ಣಿನಲ್ಲಿ ಕೂತಿದ್ದ ಮಾವನ ಹತ್ತಿರ ಬಂದಳು. "ಏಳಿ ಮಾವ, ಕೈ ತೊಳ್ಕೊಳಿ. ಸಾರು ಆರ್ತಾ ಇದೆ" ಎಂದಳು.

ಆ ವಾರವೇ ಗೋಪಿಯ ಅಂಗಡಿಯಲ್ಲಿ ಐದೂ ಟೈರು ಹೊಸದಾಗಿ ಬಂದವು. ಹಾಕಿಸುವ ಮೊದಲು ಶ್ರೀನಿವಾಸಪ್ಪನವರು ಕನ್ನಡಕ ಏರಿಸಿಕೊಂಡು ಪ್ರತಿ ಟೈರಿನ ನಾಲ್ಕು ಅಂಕಿ ಹುಡುಕಿ ಓದಿದರು. ಹಳೆಯ ಟೈರಿನ ಬಟನ್ ನೋಡಿ ಒಬ್ಬ ಗಿರಾಕಿ, ಕೊಡ್ತೀರಾ ಎಂದು ಕೇಳಿದ. ಅವರು ಗೋಪಿಯ ಚಾಕು ಇಸಕೊಂಡು ಐದರ ಪಕ್ಕವನ್ನೂ ಉದ್ದಕ್ಕೆ ಸೀಳಿಬಿಟ್ಟರು. ಶೋಭಾರಾಣಿ ಕಾರು ಓಡಿಸಿಕೊಂಡು ಶಾಲೆಗೆ ಹೋದಳು. ಮುನೇಶ್ ಮಾಲೂರಿನಿಂದ ಫೋನು ಮಾಡಿ, "ನಾನೂ ಅದೇ ಹೇಳ್ಬೇಕು ಅಂತಿದ್ದೆ" ಎಂದ. "ಅಂತಿದ್ರಿ, ಹೇಳ್ಲಿಲ್ಲ" ಎಂದು ಹೆಂಡತಿ ಫೋನು ಇಟ್ಟಳು. ಎಲ್ಲ ಸರಿಹೋಯಿತು ಎಂದು ಚಿಕ್ಕಗಂಗಮ್ಮ ಒಬ್ಬಟ್ಟು ಮಾಡಿದರು.

ಆದರೆ ಶ್ರೀನಿವಾಸಪ್ಪನವರಿಗೆ ಊಟ ಸೇರುತ್ತಿರಲಿಲ್ಲ. ಒಬ್ಬಟ್ಟನ್ನು ಅರ್ಧ ತಿಂದು ಬಿಟ್ಟರು. ಜಗಲಿಯ ಮೇಲೆ ಕೂತು ಬೀದಿಯಲ್ಲಿ ಹೋಗುವ ಗಾಡಿಗಳ ಚಕ್ರವನ್ನೇ ನೋಡುತ್ತಿದ್ದರು.

"ಏನ್ ಲೆಕ್ಕ ಹಾಕ್ತಿದೀರಿ?" ಎಂದು ಚಿಕ್ಕಗಂಗಮ್ಮ ಕೇಳಿದರು.

"ಒಂಬತ್ತು ವರ್ಷ ಇಲ್ಲೇ ಕೂತು ಊರವರ ಟೈರ್ ನೋಡ್ದೆನಲ್ಲೇ. ಎಲ್ಲಾರಿಗೂ ಬಟನ್ ನೋಡೇ ಹೇಳಿದ್ದು. ಸೆಕೆಂಡ್ ಹ್ಯಾಂಡ್ ಕಾರು, ವರ್ಷಗಟ್ಲೆ ನಿಂತಿದ್ದು, ಬಟನ್ ಇತ್ತು, ಓಡ್ಲಿ ಅಂದೆ. ಅವ್ರೆಲ್ಲ ಇನ್ನೂ ಓಡಿಸ್ತಾನೇ ಇದಾರೆ."

"ಅಯ್ಯೋ, ಅವ್ರ ಗಾಡಿ, ಅವ್ರು ನೋಡ್ಕೋತಾರೆ ಬಿಡಿ. ಈಗ ಹೋಗಿ ಹೇಳಿದ್ರೆ ನಿಮ್ ಮರ್ಯಾದೆ ಏನಾಗ್ಬೇಕು?"

"ಅವ್ರು ನೋಡ್ಕೊಳ್ಳಲ್ಲ. ನಾನು ನೋಡಿದೀನಿ ಅಂತ ಸುಮ್ನಿದಾರೆ."

ಚಿಕ್ಕಗಂಗಮ್ಮ ಅರ್ಧ ಉಳಿದ ಒಬ್ಬಟ್ಟಿನ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಹೊರಡುವಾಗ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಶೋಭಾ, ಸ್ವಲ್ಪ ಬರ್ತೀಯೇನಮ್ಮ? ಆ ನಂಬರು ತೀರಾ ಸಣ್ಣದು, ಬೇರೆಯವರ ಗಾಡೀಲಿ ನಂಗೆ ಸರಿಯಾಗಿ ಕಾಣಲ್ಲ."

ಅವಳು ಸೆರಗಿಗೆ ಕೈ ಒರೆಸಿಕೊಂಡು ಹೊರಟಳು.

ಮೊದಲು ಮುನಿಕೃಷ್ಣನ ಮನೆ. ಅವನ ವ್ಯಾನು ಬೇವಿನಮರದ ಕೆಳಗೆ ನಿಂತಿತ್ತು. ಕಳೆದ ವರ್ಷ ಮುಳಬಾಗಿಲಿನಿಂದ ಕೊಂಡುತಂದದ್ದು, ಶ್ರೀನಿವಾಸಪ್ಪನವರೇ ನೋಡಿ ಒಪ್ಪಿದ್ದು. ಮುನಿಕೃಷ್ಣ ಬಾಯ್ತುಂಬ ಮಾತಾಡಿಸಿದ, ಕಾಫಿಗೆ ಹೇಳಿದ. ಶ್ರೀನಿವಾಸಪ್ಪನವರು ಕಾಫಿ ಬೇಡವೆಂದು ವ್ಯಾನಿನ ಪಕ್ಕ ನೆಲಕ್ಕೆ ಕೈಯೂರಿ ಕೂತರು. ಟೈರು ಬಡಿಯಲಿಲ್ಲ, ಉಗುರೂ ಇಳಿಸಲಿಲ್ಲ.

"ಓದಮ್ಮ."

ಶೋಭಾರಾಣಿ ಮೊಬೈಲಿನ ಬೆಳಕು ಬಿಟ್ಟು, ಧೂಳು ಒರೆಸಿ ಓದಿದಳು. "ಮೂವತ್ತೆರಡನೇ ವಾರ, ಎರಡು ಸಾವಿರದ ಹದಿಮೂರು ಮಾವ."

"ಹನ್ನೆರಡು ವರ್ಷ" ಎಂದರು ಅವರು. ಮತ್ತೆ ಮುನಿಕೃಷ್ಣನಿಗೆ, "ಇದು ಬೇಡಪ್ಪ. ಇವತ್ತೇ ನಿಲ್ಸಿಬಿಡು. ಗೋಪಿ ಹತ್ರ ಹೋಗಿ ಬದಲಾಯಿಸು" ಎಂದರು.

ಮುನಿಕೃಷ್ಣ ನಕ್ಕ. "ಏನಣ್ಣ, ತಮಾಷೆ ಮಾಡ್ತೀರಾ? ನೀವೇ ಓಡ್ಲಿ ಅಂದಿದ್ರಲ್ಲ?"

"ಅಂದಿದ್ದೆ. ನಂಗೆ ಗೊತ್ತಿರ್ಲಿಲ್ಲ. ಗೊತ್ತಿಲ್ದೇನೇ ಅಂದಿದ್ದೆ."

ಮುನಿಕೃಷ್ಣನ ನಗು ಹೋಯಿತು. ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಲೋಟ ಕೆಳಗಿಟ್ಟಳು. "ಮಾರ್ಚಲ್ಲಿ ಇದ್ರಲ್ಲೇ ತಿರುಪತಿಗೆ ಹೋಗಿ ಬಂದ್ವಲ್ಲ. ಮಕ್ಕಳು, ನಮ್ಮಮ್ಮ, ಎಲ್ಲಾ ಸೇರಿ ಒಂಬತ್ತು ಜನ ಇದ್ವಿ" ಎಂದಳು. ಬೈಯಲಿಲ್ಲ. ಹೇಳಿದಳು ಅಷ್ಟೇ.

ಶ್ರೀನಿವಾಸಪ್ಪನವರು ಏಳಲು ಹೋದರು, ಮಂಡಿ ಏಳಿಸಲಿಲ್ಲ. ಶೋಭಾರಾಣಿ ತೋಳು ಕೊಟ್ಟಳು. ಅದನ್ನು ಹಿಡಿದು ಎದ್ದು, ಅಂಗಿಗೆ ಮೆತ್ತಿದ ಮಣ್ಣನ್ನೂ ಕೊಡವದೆ ಬೀದಿಗೆ ಬಂದರು. ಎದುರು ಮನೆಯವರು ಆಗಲೇ ಕಿಟಕಿಯಲ್ಲಿ ಇಣುಕುತ್ತಿದ್ದರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ಇಬ್ಬರಿಗೂ ತಿಳಿದಿತ್ತು.

"ಇನ್ನೂ ಎಷ್ಟು ಮನೆ ಇದೆ ಮಾವ?"

"ನೆನಪಿರೋವು ಹನ್ನೊಂದು" ಎಂದರು ಅವರು. 

ಶೋಭಾರಾಣಿ ಅವರ ತೋಳು ಬಿಡಲಿಲ್ಲ. ಇಬ್ಬರೂ ಮುಂದಿನ ಮನೆಯ ಕಡೆ ನಡೆದರು.